ಅಳುವ ಸಾಹೇಬರ ಮೂಗು

ಎಚ್ಚರವಾದಾಗ ಮೂಗಿನ ಎರಡೂ ಹೊಳ್ಳೆಗಳಲ್ಲಿ ಗಾಳಿ ಸಲೀಸಾಗಿ ಓಡಾಡುತ್ತಿತ್ತು. ಅದೇ ಅವನ ಗಾಬರಿಗೆ ಕಾರಣವಾಯಿತು. ಕಣ್ಣು ತೆರೆಯದೆಯೇ ಎಡಗಡೆಯದನ್ನು ಬೆರಳಿನಿಂದ ಒತ್ತಿ ಬಲಗಡೆಯಿಂದ ಉಸಿರೆಳೆದ. ಬಲಗಡೆಯದನ್ನು ಒತ್ತಿ ಎಡಗಡೆಯಿಂದ ಎಳೆದ. ಯಾವುದರಲ್ಲೂ ತಡೆಯಿಲ್ಲ. ಹುಬ್ಬುಗಳ ನಡುವೆ, ಕಣ್ಣಿನ ಕೆಳಗೆ, ಕೆನ್ನೆಯ ಮೂಳೆಯ ಮೇಲೆ ಹೆಬ್ಬೆರಳಿನಿಂದ ಅದುಮಿ ನೋಡಿದ. ನೋವಿನ ಸುಳಿವೂ ಇಲ್ಲ. ವರ್ಷಗಟ್ಟಲೆ ಮುಖದೊಳಗೆ ಸೀಸ ತುಂಬಿಕೊಂಡು ಎದ್ದವನಿಗೆ ಈ ಹಗುರ ಇನ್ನೂ ಒಗ್ಗಿರಲಿಲ್ಲ. ಬೇರೆ ಯಾರದೋ ಮುಖ ಹಾಕಿಕೊಂಡು ಎದ್ದ ಹಾಗೆ ಅನ್ನಿಸುತ್ತಿತ್ತು. ಬೇರೆ ದಿನವಾಗಿದ್ದರೆ ಖುಷಿಪಡುತ್ತಿದ್ದನೇನೋ. ಆದರೆ ಇವತ್ತು ಮಗಳ ಮದುವೆ, ಅದೂ ಅವನದೇ ಕಚೇರಿಯಲ್ಲಿ, ನೋಂದಾಯಿಸುವವನೂ ಅವನೇ. ಕಂಡವರ ಹೆಣ್ಣುಮಕ್ಕಳ ಮದುವೆಯಲ್ಲೆಲ್ಲ ಬಳಬಳನೆ ಕಣ್ಣೀರು ಸುರಿಸಿದ ಮನುಷ್ಯ ಸ್ವಂತ ಮಗಳ ಮದುವೆಯಲ್ಲಿ ಒಣಗಿದ ಕಣ್ಣು ಬಿಟ್ಟುಕೊಂಡು ಕೂತರೆ ಆ ಹುಡುಗಿ ಏನಂದುಕೊಳ್ಳಬೇಕು? ಅವನು ಮಲಗಿದಲ್ಲೇ ತನ್ನ ಮನಸ್ಸನ್ನು ಸ್ವಲ್ಪ ದುಃಖದ ಕಡೆಗೆ ತಿರುಗಿಸಲು ನೋಡಿದ. ಮಗಳು ಮನೆ ಬಿಟ್ಟು ಹೋಗುತ್ತಾಳೆ, ಆ ಕೋಣೆ ಖಾಲಿಯಾಗುತ್ತದೆ ಎಂದುಕೊಂಡ. ತಕ್ಷಣ ನೆನಪಾದದ್ದು, ಆ ಕೋಣೆಗೆ ತನ್ನ ಪುಸ್ತಕಗಳನ್ನು ಸಾಗಿಸಬಹುದು ಎಂಬುದು. ಛೆ ಎಂದುಕೊಂಡು ಎದ್ದ.

ವಿವಾಹ ನೋಂದಣಿ ಕಚೇರಿಯಲ್ಲಿ ಅವನಿಗೆ ‘ಅಳುವ ಸಾಹೇಬ’ ಎಂದು ಹೆಸರು. ಎದುರು ಕೋಣೆಯಲ್ಲಿ ಇನ್ನೊಬ್ಬ ಅಧಿಕಾರಿಣಿ ಇದ್ದಳು. ಅವನದೇ ದರ್ಜೆ, ಕಾನೂನೆಲ್ಲ ನಾಲಿಗೆ ತುದಿಯಲ್ಲಿ, ಕೆಲಸದಲ್ಲಿ ಅವನಿಗಿಂತ ಚುರುಕು. ಆದರೂ ಜೋಡಿಗಳು ಅವನ ಬಾಗಿಲ ಮುಂದೆಯೇ ಸಾಲುಗಟ್ಟುತ್ತಿದ್ದವು, ಯಾಕೆಂದರೆ ಅವಳು ಓದಿ ಮುಗಿಸಿ ಮೊಹರು ಒತ್ತುತ್ತಿದ್ದಳು, ಅವನು ಓದುತ್ತ ಓದುತ್ತ ಗಂಟಲು ಕಟ್ಟಿ, ಮೂಗು ಏರಿಸಿ, ಎರಡೂ ಕಣ್ಣುಗಳಿಂದ ನೀರು ಇಳಿಸುತ್ತಿದ್ದ. ಹೂಗುಚ್ಛಗಳು ಮೇಜಿಗೆ ಹತ್ತಿರ ಬಂದಷ್ಟೂ ನೀರು ಜಾಸ್ತಿ. ಮೊದಮೊದಲು ಅವನು ಹೇಳಿ ನೋಡಿದ್ದ, “ಏನಿಲ್ಲ, ಶೀತ ಅಷ್ಟೇ” ಎಂದು. ಜನ ಅದನ್ನು ದೊಡ್ಡವರ ಸಂಕೋಚ ಎಂದುಕೊಂಡು ಇನ್ನಷ್ಟು ಕರಗಿದರು. ಆಮೇಲೆ ಅವನು ಸುಮ್ಮನಾದ. ಸುಮ್ಮನಿರುವುದು ಸುಳ್ಳು ಹೇಳಿದಂತಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ. ಒಮ್ಮೆ ಒಬ್ಬ ಹುಡುಗಿ, ಬಂದವರೆಲ್ಲ ಗಂಡಿನ ಕಡೆಯವರೇ, ತನ್ನವರು ಅಂತ ಹಿಂದೆ ನಿಂತಿದ್ದ ಒಬ್ಬ ಗೆಳತಿ ಬಿಟ್ಟರೆ ಯಾರೂ ಇಲ್ಲ, ಸಹಿ ಹಾಕಿದ ಮೇಲೆ ಅವನ ಕೈ ಹಿಡಿದುಕೊಂಡು, “ನಮ್ಮಪ್ಪ ಇದ್ದಿದ್ರೆ ಹೀಗೇ ಅಳ್ತಿದ್ರು ಸಾರ್” ಅಂದಿದ್ದಳು. ಆ ಗಳಿಗೆಯಲ್ಲಿ ಅವನ ತಲೆಯಲ್ಲಿದ್ದದ್ದು ಒಂದೇ ಚಿಂತೆ: ಮೂಗಿನ ತುದಿಯಲ್ಲಿ ತೂಗುತ್ತಿರುವ ಹನಿ ಅವಳ ಕೈಯ ಮೇಲೆ ಬೀಳುತ್ತದೋ, ಸಹಿಯ ಮೇಲೆ ಬೀಳುತ್ತದೋ. ಅದು ಸಹಿಯ ಮೇಲೆ ಬಿತ್ತು. ಅವಳು ಅದನ್ನು ಆಶೀರ್ವಾದ ಅಂದುಕೊಂಡಳು. ನೆನೆದಾಗಲೆಲ್ಲ ಅವನಿಗೆ ಕಿವಿ ಬಿಸಿಯಾಗುತ್ತಿತ್ತು.

ಅಡುಗೆಮನೆಯಲ್ಲಿ ಹೆಂಡತಿ ಇರಲಿಲ್ಲ. ಬುಟ್ಟಿಯಲ್ಲಿ ಈರುಳ್ಳಿಗಳಿದ್ದವು. ಅವನು ಒಂದನ್ನು ಎತ್ತಿಕೊಂಡ, ಇಟ್ಟ, ಮತ್ತೆ ಎತ್ತಿಕೊಂಡ. ಅಷ್ಟು ದೊಡ್ಡದು ಬೇಡವೆನಿಸಿ ಚಿಕ್ಕದೊಂದನ್ನು ಆರಿಸಿ, ಅರ್ಧಕ್ಕೆ ಹೆಚ್ಚಿ, ಕಾಗದದಲ್ಲಿ ಸುತ್ತಿ ಕೋಟಿನ ಒಳಜೇಬಿಗೆ ಸೇರಿಸಿದ. ಈರುಳ್ಳಿಗೆ ಇಷ್ಟು ವಾಸನೆ ಇದೆ ಎಂಬುದೇ ಅವನಿಗೆ ಈಚೆಗೆ ಗೊತ್ತಾದದ್ದು. ಮೂಗು ತೆರೆದುಕೊಂಡ ಮೊದಲ ವಾರ ಮನೆಯೆಲ್ಲ ಅಲೆದಾಡಿ ಸೋಪು, ಬಟ್ಟೆ, ಹಳೆಯ ದಿಂಬು, ಎಲ್ಲವನ್ನೂ ಮೂಸಿದ್ದ. ಹೆಂಡತಿ ಬೆಕ್ಕು ಸಾಕಿದ ಹಾಗಾಯಿತು ಎಂದು ನಕ್ಕಿದ್ದಳು. ಅವಳು ಹೊಲಿಗೆ ಅಂಗಡಿ ಇಟ್ಟವಳು. ಮಗಳ ಮದುವೆಯ ಉಡುಪನ್ನೂ ಅವನ ಕೋಟನ್ನೂ ಅವಳೇ ಹೊಲಿದಿದ್ದಳು. ಈಗ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಒಳಬಂದವಳು, ಅವನನ್ನು ಮೇಲಿಂದ ಕೆಳಗೆ ನೋಡಿ, ಪಿನ್ನುಗಳನ್ನು ಒಂದೊಂದಾಗಿ ತೆಗೆದಳು.

“ಏನ್ರೀ ಅದು?”

“ಏನಿಲ್ಲ.”

“ಏನಿಲ್ಲದ್ದು ಇಷ್ಟು ಉಬ್ಬುತ್ತಾ? ಆ ಜೇಬು ಹೊಲಿದವಳು ನಾನು. ತೆಗೀರಿ ಆಚೆಗೆ.”

ಅವನು ಪೊಟ್ಟಣ ತೆಗೆದು ಕಟ್ಟೆಯ ಮೇಲಿಟ್ಟ. ಅವಳು ಬಿಚ್ಚಿ ನೋಡಿ, ಅವನ ಮುಖ ನೋಡಿ, ಮತ್ತೆ ಈರುಳ್ಳಿ ನೋಡಿದಳು.

“ಮಗಳಿಗೆ ಉಡುಗೊರೆನಾ?”

“ಅಳು ಬರದಿದ್ರೆ ಅಂತ...”

“ಅಯ್ಯೋ ನನ್ನ ಕರ್ಮವೇ! ಇಷ್ಟು ವರ್ಷ ಗೊರಕೆ ಹೊಡೆದು ನನ್ನ ಪ್ರಾಣ ತಿಂದ್ರಿ. ಈಗ ಮೂಗು ನೆಟ್ಟಗಾಯ್ತು ಅಂತ ಅಳ್ತೀರಲ್ಲ.”

“ಅಳ್ತಾ ಇಲ್ಲವಲ್ಲ, ಅದೇ ಅಲ್ವಾ ತಾಪತ್ರಯ.”

ಅವಳಿಗೆ ನಗು ತಡೆಯಲಾಗಲಿಲ್ಲ. ಕಟ್ಟೆಗೆ ಒರಗಿ ನಗುತ್ತ, ಕೆಳಗೆ ಬಿದ್ದ ಪಿನ್ನು ಹುಡುಕುತ್ತ, “ಹೋಗಿ ಹೋಗಿ, ನಿಮಗೆ ಬೇರೆಯವರ ಮದುವೆ ಬೇರೆ ಇದೆ ಬೆಳಿಗ್ಗೆ. ನಾವು ಆಮೇಲೆ ಬರ್ತೀವಿ. ಮುಖಕ್ಕೆ ಈರುಳ್ಳಿ ಒರೆಸ್ಕೊಂಡು ಮಗಳ ಮುಂದೆ ಕೂತ್ರೆ ನೋಡಿ ಮತ್ತೆ!” ಅಂದಳು. ಅವನು ಮಗಳ ಕೋಣೆಯ ಮುಂದೆ ತುದಿಗಾಲಲ್ಲಿ ಹಾದುಹೋದ. ಒಳಗೆ ಅವಳು ಏನೋ ಗುನುಗುತ್ತಿದ್ದಳು. ಕೃತಕ ದಂತ ತಯಾರಿಸುವುದು ಅವಳ ಕೆಲಸ. ಹಲ್ಲು ತಿದ್ದುವಾಗಲೂ ಹೀಗೇ ಗುನುಗುತ್ತಾಳೆ, ಅವಳಿಗೆ ಅದರ ಅರಿವೇ ಇರುವುದಿಲ್ಲ. ಬಾಗಿಲು ತಟ್ಟಿ ಒಂದು ಮಾತಾಡಬೇಕು ಅನ್ನಿಸಿತು. ಏನೆಂದು ಮಾತಾಡುವುದು? ಇವತ್ತು ನೀನು ಕಾಯುತ್ತಿರುವುದು ಬರಲಿಕ್ಕಿಲ್ಲ ಎಂದೇ? ಅವನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದು, ಕೆಳಗೆ ಬಂದು ಹಾಕಿಕೊಂಡ.

ಕಾಯುತ್ತಾಳೆ ಎಂದು ಅವನಿಗೆ ಗೊತ್ತಿತ್ತು, ಯಾಕೆಂದರೆ ಅವಳೇ ಹೇಳಿದ್ದಳು. ಆಗ ಅವಳಿಗೆ ಹಾಲುಹಲ್ಲು ಬೀಳುವ ವಯಸ್ಸು. ಶಾಲೆ ಬಿಟ್ಟ ಮೇಲೆ ಅಮ್ಮನ ಅಂಗಡಿಯಲ್ಲಿ ಗಿರಾಕಿಗಳು ಹೆಚ್ಚಿದ್ದರೆ ಅವಳನ್ನು ಅಪ್ಪನ ಕಚೇರಿಗೆ ಕಳಿಸುತ್ತಿದ್ದರು. ಅವಳು ಹಿಂದಿನ ಬೆಂಚಿನಲ್ಲಿ ಕಾಲು ಅಲ್ಲಾಡಿಸುತ್ತ ಕೂತು ಮದುವೆ ಮೇಲೆ ಮದುವೆ ನೋಡುತ್ತಿದ್ದಳು. ಅಪ್ಪ ಒಬ್ಬೊಬ್ಬ ಮದುಮಗಳಿಗೂ ಅಳುತ್ತಿದ್ದ. ಒಂದು ದಿನ ಮನೆಗೆ ಹೋಗುವ ದಾರಿಯಲ್ಲಿ ಅವಳು ಅವನ ಬೆರಳು ಎಳೆದು ನಿಲ್ಲಿಸಿ, “ನನ್ನ ಮದುವೇಲಿ ಇವರಿಗಿಂತ ಜಾಸ್ತಿ ಅಳಬೇಕು ನೀನು” ಎಂದು ಕಟ್ಟುನಿಟ್ಟಾಗಿ ಹೇಳಿದ್ದಳು. “ಬಕೆಟ್ಟುಗಟ್ಟಲೆ ಅಳ್ತೀನಿ ಕಣೇ” ಎಂದು ಅವನು ಒಪ್ಪಿಕೊಂಡಿದ್ದ. ಆ ಸಂಜೆ ಮೂಗು ಎಷ್ಟು ಕಟ್ಟಿತ್ತೆಂದರೆ ಬಾಯಲ್ಲೇ ಉಸಿರಾಡುತ್ತ ನಡೆಯುತ್ತಿದ್ದ, ಅಳುವುದು ಅವನಿಗೆ ಎಂದಾದರೂ ಕಷ್ಟವಾದೀತು ಎಂದು ಕನಸಿನಲ್ಲೂ ಅನ್ನಿಸಿರಲಿಲ್ಲ. ಈಗ ಇದೇ ರಸ್ತೆ. ಬೇಕರಿಯ ಮುಂದೆ ಬಂದಾಗ ಬಿಸಿ ಬ್ರೆಡ್ಡಿನ ವಾಸನೆ ಎಷ್ಟು ಜೋರಾಗಿ ಒಳನುಗ್ಗಿತೆಂದರೆ ಅವನು ನಿಂತುಬಿಟ್ಟ. ಎಷ್ಟು ವರ್ಷ ಈ ಅಂಗಡಿಯ ಮುಂದೆ ಹಾದುಹೋಗಿದ್ದೇನೆ, ಇದು ಇಲ್ಲಿ ಇತ್ತೇ ಇತ್ತು, ಎಂದುಕೊಂಡ. ಅರೆಗಳಿಗೆ ಎಲ್ಲ ಮರೆತು ನಿಂತವನು, ಮಗಳ ಮದುವೆಯ ದಿನ ಬ್ರೆಡ್ಡಿಗೆ ಮನಸೋತು ನಿಂತಿದ್ದೇನೆ ನಾನು ಎಂಥ ತಂದೆ ಎಂದು ನಾಚಿಕೊಂಡು ಹೆಜ್ಜೆ ಹಾಕಿದ.

ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದವಳೂ ಮಗಳೇ. ಅದಕ್ಕಿಂತ ಮುಂಚೆ ಅವನು ಮಾಡದ ಮದ್ದಿಲ್ಲ: ಬಿಸಿನೀರಿನ ಹಬೆಗೆ ಮುಖ ಕೊಟ್ಟು ಕೆನ್ನೆ ಸುಟ್ಟುಕೊಂಡಿದ್ದ, ಹಣೆಗೆ ಬಾಮು ತಿಕ್ಕಿ ದಿಂಬೆಲ್ಲ ಘಾಟು ಮಾಡಿದ್ದ, ಔಷಧಿ ಅಂಗಡಿಯವನು ಕೊಟ್ಟ ಕೆಂಪು ಆಂಟಿಬಯಾಟಿಕ್ ಗುಳಿಗೆಯನ್ನು ಮನಸ್ಸಿಗೆ ಬಂದಾಗ ನುಂಗಿ ಮನಸ್ಸಿಗೆ ಬಂದಾಗ ಬಿಟ್ಟಿದ್ದ. ಮೂಗಿನ ಡಾಕ್ಟರು ಗಟ್ಟಿ ದನಿಯ ಹೆಂಗಸು. ಅವನು ಕುರ್ಚಿಯಲ್ಲಿ ಕೂತವನೇ ಗಂಭೀರವಾಗಿ, “ನನಗೆ ಸೈನಸ್ ಇದೆ ಡಾಕ್ಟ್ರೇ” ಅಂದ. “ನನಗೂ ಇದೆ” ಅಂದಳು ಆಕೆ. “ಹೊರಗೆ ಕೂತಿರೋರಿಗೆಲ್ಲ ಇದೆ. ಸೈನಸ್ ಅಂದ್ರೆ ಕಾಯಿಲೆ ಅಲ್ಲ ಸಾರ್, ಮುಖದ ಮೂಳೆ ಒಳಗಿರೋ ಗಾಳಿಗೂಡು. ಹಣೇಲಿ, ಕೆನ್ನೇಲಿ, ಮೂಗಿನ ಪಕ್ಕ, ಮೂಗಿನ ಹಿಂದೆ. ಒಂದೊಂದು ಗೂಡಿಗೂ ಮೂಗಿನ ಕಡೆಗೆ ಒಂದು ಸಣ್ಣ ಬಾಗಿಲು. ಒಳಪದರ ಊದಿಕೊಂಡ್ರೆ ಬಾಗಿಲು ಮುಚ್ಚಿಕೊಳ್ಳುತ್ತೆ, ಒಳಗೆ ಊರೋ ನೀರು ಅಲ್ಲೇ ನಿಂತು ಕೊಳೆಯುತ್ತೆ. ನಿಮಗೆ ಇರೋದು ಆ ಊತ.” ಆಮೇಲೆ ತೆಳ್ಳಗಿನ ಕೊಳವೆಯ ತುದಿಗೆ ಕ್ಯಾಮೆರಾ ಇಟ್ಟು ಅವನ ಮೂಗಿನೊಳಗೆ ಹೋದಳು. ಪಕ್ಕದ ಪರದೆಯ ಮೇಲೆ ಒದ್ದೆಯಾದ ಗುಲಾಬಿ ಬಣ್ಣದ ಗುಹೆಯೊಂದು ತೆರೆದುಕೊಂಡಿತು, ಮಗಳು ಕುತೂಹಲದಿಂದ ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು. ತನ್ನ ಒಳಗನ್ನು ಮಗಳು ಹೀಗೆ ಬಗ್ಗಿ ಬಗ್ಗಿ ನೋಡುತ್ತಿದ್ದದ್ದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಮುಜುಗರವೆನಿಸಿತು. “ಕಣ್ಣಲ್ಲಿ ನೀರು ಬರುತ್ತಾ?” ಎಂದು ಡಾಕ್ಟರು ಕೇಳಿದಾಗ ಅವನು ಉತ್ತರಿಸುವ ಮೊದಲೇ ಮಗಳು, “ಧಾರಾಕಾರ” ಅಂದಳು. “ಬರಲೇಬೇಕು. ಕಣ್ಣೀರು ಹರಿದು ಹೋಗೋ ಕಾಲುವೆ ಮೂಗಿನ ಒಳಗೇ ಬಂದು ತೆರೆಯುತ್ತೆ. ಮೂಗು ಊದಿದ್ರೆ ಅದರ ಬಾಯಿ ಕಟ್ಟುತ್ತೆ, ನೀರು ಕೆನ್ನೆ ಮೇಲೆ ಬರುತ್ತೆ. ಅದರ ಮೇಲೆ ಹೂವು, ಧೂಳು ಅಂದ್ರೆ ನಿಮ್ಮ ಮೂಗಿಗೆ ಆಗಲ್ಲ.” ಅವನು ಮೆಲ್ಲಗೆ ಕೇಳಿದ್ದ, “ಅಂದ್ರೆ ಅದು... ಅಳು ಅಲ್ವಾ?” “ಯಾವ ಅಳು?” ಅಂದಳು ಡಾಕ್ಟರು. “ಚರಂಡಿ ಕಟ್ಟಿಕೊಂಡಿದೆ ಅಷ್ಟೇ.”

ತನಗೂ ಗೊತ್ತಿತ್ತಲ್ಲ, ಅದು ಅಳುವಲ್ಲ ಎಂದು. ಆದರೂ ಆ ಮಾತು ಕೇಳಿದಾಗ ಏನೋ ಕಳೆದುಕೊಂಡ ಹಾಗಾಗಿತ್ತು. ಅಷ್ಟು ವರ್ಷದಲ್ಲಿ ಒಮ್ಮೆಯಾದರೂ, ಒಂದು ಹನಿಯಾದರೂ ನಿಜದ್ದು ಅದರಲ್ಲಿ ಬೆರೆತಿರಲಿಲ್ಲವೇ? ಬೆರೆತಿದ್ದರೂ ಬೇರ್ಪಡಿಸುವುದು ಹೇಗೆ? ಡಾಕ್ಟರು ಗುಳಿಗೆಯ ಆಸೆಗೆ ತಣ್ಣೀರೆರಚಿದ್ದಳು. “ಮಾಮೂಲಿ ನೆಗಡಿಯಿಂದ ಆಗೋ ಊತ ಸಾಮಾನ್ಯವಾಗಿ ತಾನಾಗೇ ಇಳಿಯುತ್ತೆ, ಅದಕ್ಕೂ ಆ ಕೆಂಪು ಗುಳಿಗೆ ಬೇಡ. ನಿಮ್ಮದು ವರ್ಷಗಟ್ಟಲೆ ತಳ ಊರಿರೋದು, ಇದಕ್ಕೂ ಅದು ಕೆಲಸ ಮಾಡಲ್ಲ. ಉಪ್ಪುನೀರಲ್ಲಿ ಮೂಗು ತೊಳೀಬೇಕು, ಕುದಿಸಿ ಆರಿಸಿದ ನೀರು, ನಲ್ಲಿಯಿಂದ ನೇರ ಹಿಡಿದದ್ದಲ್ಲ. ಆಮೇಲೆ ಈ ಸ್ಪ್ರೇ, ದಿನಾ. ಮೂಗಿನ ನಡುಗೋಡೆಗೆ ಹೊಡೀಬೇಡಿ, ತುದಿ ಕಿವಿ ಕಡೆಗೆ ವಾಲಿರಲಿ. ಹೊಡೆದ ತಕ್ಷಣ ಜೋರಾಗಿ ಎಳ್ಕೋಬೇಡಿ, ಗಂಟಲಿಗೆ ಹೋಗಿ ದಂಡ. ಎರಡು ದಿನಕ್ಕೆ ಏನೂ ಆಗಲ್ಲ, ಬೈಕೊಂಡು ಬಿಟ್ಟುಬಿಡಬೇಡಿ. ಇದಕ್ಕೆ ಬಗ್ಗದಿದ್ರೆ ಆಪರೇಷನ್ ಮಾತಾಡೋಣ.” ಅವನು ಬಿಟ್ಟೇಬಿಡುತ್ತಿದ್ದ, ಮಗಳು ಬಿಡಲಿಲ್ಲ. ದಿನಾ ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ನಿಂತು, “ತಲೆ ಬಗ್ಗಿಸು, ಬಾಯಿ ತೆರಿ, ಬಾಯಲ್ಲಿ ಉಸಿರಾಡು” ಎಂದು ಕವಾಯತು ಮಾಡಿಸುತ್ತಿದ್ದಳು. ಬಾಟಲಿ ಒತ್ತಿದರೆ ಒಂದು ಹೊಳ್ಳೆಯಿಂದ ಹೋದ ನೀರು ಇನ್ನೊಂದರಿಂದ ಹೊರಬರುತ್ತಿತ್ತು. ಮೊದಲ ದಿನ ಅದನ್ನು ನೋಡಿ ಅವಳು ನಕ್ಕೂ ನಕ್ಕೂ ಕೆಳಗೆ ಕೂತಿದ್ದಳು. ಎಲ್ಲರನ್ನೂ ಬಿಟ್ಟು ಇವಳೇ ನನ್ನ ಕಣ್ಣೀರಿನ ಬಾವಿ ಬತ್ತಿಸಲು ಟೊಂಕ ಕಟ್ಟಿದ್ದಾಳಲ್ಲ, ಮದುವೆಯ ಮಾತು ಮರೆತೇಬಿಟ್ಟಳೋ ಹೇಗೆ ಎಂದು ಅವನು ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ.

ಕಚೇರಿಯ ಮೆಟ್ಟಿಲಲ್ಲಿ ಎದುರು ಕೋಣೆಯವಳು ಸಿಕ್ಕಿ, “ಏನು ಸಾಹೇಬ್ರೇ, ಇವತ್ತು ನೆರೆ ಬರುತ್ತೆ ಅಂತ ಕುರ್ಚಿ ಎಲ್ಲ ಮೇಲೆ ಎತ್ತಿಡ್ಸಿದ್ದೀನಿ” ಎಂದು ರೇಗಿಸಿದಳು. ಅವನು ಹಲ್ಲು ಕಿರಿದ. ಒಳಗೆ ದಿನದ ಮೊದಲ ಜೋಡಿ ಆಗಲೇ ಕಾದಿತ್ತು, ಅವರ ಹಿಂದೆ ಒಂದು ಹಿಂಡು ನೆಂಟರು, ಎಲ್ಲರ ಕೈಯಲ್ಲೂ ಮೇಲೆತ್ತಿದ ಫೋನು. ಅವರು ಯಾಕೆ ಎತ್ತಿದ್ದಾರೆ ಎಂದು ಅವನಿಗೆ ಗೊತ್ತು. ಹೂಗುಚ್ಛವನ್ನು ಬೇಕೆಂದೇ ಹತ್ತಿರಕ್ಕೆ ಎಳೆದುಕೊಂಡ. ಹೂವಿನ ವಾಸನೆ ಬಂತು, ತುಂಬ ಚೆನ್ನಾಗಿತ್ತು, ಬೇರೇನೂ ಬರಲಿಲ್ಲ. ‘ನೀವಿಬ್ಬರೂ ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ’ ಎಂದು ಓದತೊಡಗಿದ. ದನಿ ಎಷ್ಟು ಸ್ಪಷ್ಟವಾಗಿ ಗೋಡೆಗೆ ತಾಗಿ ಮರಳಿತೆಂದರೆ ಅವನೇ ಬೆಚ್ಚಿದ. ಫೋನುಗಳು ಅವನ ಮುಖದ ಮೇಲೆ ಕಾದವು, ಕಾದು ಬೇಸತ್ತು ಒಂದೊಂದಾಗಿ ಇಳಿದವು. ಸಹಿಗಳೆಲ್ಲ ಆದ ಮೇಲೆ ಹುಡುಗಿಯ ತಾಯಿ ಮುಂದೆ ಬಂದು ದನಿ ತಗ್ಗಿಸಿ, “ಸಾಹೇಬ್ರೇ, ನಮ್ಮ ಕಡೆಯಿಂದ ಏನಾದ್ರೂ ತಪ್ಪಾಯ್ತಾ?” ಎಂದಳು.

“ಇಲ್ಲಮ್ಮ, ಯಾಕೆ?”

“ಅಲ್ಲ, ಎಲ್ರಿಗೂ ಅಳ್ತೀರಂತೆ. ನಮ್ಮ ಹುಡುಗಿಗೆ ಮಾತ್ರ...”

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಬಾಯಿಂದ ಬಂದದ್ದು ಬೇರೆಯೇ: “ಈ ಜೋಡಿ ನೋಡಿದ್ರೆ ಯಾರಿಗಮ್ಮಾ ಅಳು ಬರುತ್ತೆ?” ಎಲ್ಲರೂ ಹೋ ಎಂದು ನಕ್ಕರು, ಫೋನುಗಳು ಮತ್ತೆ ಎದ್ದವು, ಮದುಮಗ ನಾಚಿ ಕೆಂಪಾದ. ಅವರು ಸಂತೋಷವಾಗಿಯೇ ಹೋದರು. ಅವನು ಮಾತ್ರ ಖಾಲಿ ಕೋಣೆಯಲ್ಲಿ ಕೂತು ಯೋಚಿಸಿದ: ಆ ಹೆಂಗಸನ್ನು ಒಂದು ಮಾತಿನಿಂದ ಸಾಗಹಾಕಿದೆ. ಮಗಳನ್ನು ಸಾಗಹಾಕಲು ಆಗುವುದಿಲ್ಲ. ಅವಳು ಎದುರಿಗೆ ನಿಂತು ನೋಡುತ್ತಾಳೆ, ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತಿದ್ದ ಆ ಕಣ್ಣುಗಳಿಂದಲೇ ನೋಡುತ್ತಾಳೆ, ಊರವರಿಗೆಲ್ಲ ಕೊಟ್ಟಿದ್ದನ್ನು ನನಗೆ ಕೊಡಲಿಲ್ಲ ಎಂದು ಒಳಗೇ ಇಟ್ಟುಕೊಳ್ಳುತ್ತಾಳೆ. ಯಾರಿಗೂ ಹೇಳುವವಳಲ್ಲ. ಅದನ್ನು ನೆನೆದು ಎದೆ ಹಿಂಡಿದ ಹಾಗಾಯಿತು, ಎದೆ ಹಿಂಡುತ್ತಿದೆ ಎಂದು ಗೊತ್ತಾದ ಕೂಡಲೇ ಆಸೆಯಿಂದ ಕಣ್ಣು ಮುಟ್ಟಿ ನೋಡಿಕೊಂಡ. ಒಣಗಿದ್ದವು.

ಆಗ ಹೊಳೆದದ್ದೇ ಹಳೆಯ ಕಡತಗಳ ಕೋಣೆ. ಕಾರಿಡಾರಿನ ಕೊನೆಯಲ್ಲಿ, ಕಿಟಕಿ ತೆರೆಯದೆ ಎಷ್ಟು ಕಾಲವಾಗಿತ್ತೋ. ಹಿಂದೆಲ್ಲ ಆ ಕೋಣೆಯ ಬಾಗಿಲು ತೆರೆದರೆ ಸಾಕು, ಅವನ ಮುಖ ಸಂಜೆಯವರೆಗೆ ಊದಿಕೊಂಡಿರುತ್ತಿತ್ತು. ಬಾಗಿಲು ಒಳಗಿನಿಂದ ಹಾಕಿಕೊಂಡು ಒಂದು ಕಟ್ಟನ್ನು ಎಳೆದು ಇನ್ನೊಂದರ ಮೇಲೆ ಬಡಿದ. ಧೂಳು ಎದ್ದಿತು. ಮುಖವನ್ನು ಅದರೊಳಗೆ ಒಡ್ಡಿ ಉಸಿರೆಳೆದ. ಕೋಟಿನ ತೋಳು ಬೂದಿಬಣ್ಣಕ್ಕೆ ತಿರುಗಿತು. ಇನ್ನೊಂದು ಕಟ್ಟು ಬಡಿದ. ಎಂದೋ ಕೂಡಿದ ಗಂಡಹೆಂಡಿರ ಹೆಸರುಗಳಿದ್ದ ಆ ಕಟ್ಟುಗಳನ್ನು ತನ್ನ ಮೂಗಿಗೋಸ್ಕರ ಹೀಗೆ ಚಚ್ಚುತ್ತಿರುವುದು ಅವನಿಗೆ ವಿಚಿತ್ರವಾಗಿ ಕಂಡಿತು, ಆದರೂ ಚಚ್ಚಿದ. ಮೂಗಿನಲ್ಲಿ ಕಚಗುಳಿಯಂಥದೇನೋ ಎದ್ದಿತು. ಬಂತು, ಬಂತು, ಎಂದು ಅವನು ಕಣ್ಣು ಮುಚ್ಚಿ ಕಾದ. ಒಂದು ಸೀನು ಬಂತು, ಗಟ್ಟಿಯಾದ, ಆರೋಗ್ಯವಂತ ಸೀನು. ಅದು ಬಂದು ಹೋದ ಮೇಲೆ ಮೂಗು ಮೊದಲಿಗಿಂತ ಸಡಿಲವಾಯಿತು.

ಬಾಗಿಲು ತಟ್ಟಿದ ಸದ್ದಾಗಿ ತೆರೆದರೆ ಜವಾನ. ಅವನ ಜೊತೆಯಲ್ಲೇ ಕೆಲಸಕ್ಕೆ ಸೇರಿ ಅವನ ಜೊತೆಯಲ್ಲೇ ತಲೆ ನರೆತವನು.

“ಏನ್ ಸಾರ್, ಇಲಿನಾ?”

“ಹೂಂ, ಇಲಿ.”

“ಮಗಳ ಮದುವೆ ದಿನ ನಿಮಗ್ಯಾಕೆ ಸಾರ್ ಇಲಿ ಸಹವಾಸ? ಆಚೆ ಬನ್ನಿ, ನಾನು ನೋಡ್ಕೊಳ್ತೀನಿ,” ಎಂದು ಅವನು ಪೊರಕೆ ತಂದು, ಕಪಾಟಿನ ಹಿಂದೆ ಮುಂದೆ ತಿವಿದು, ಇಲ್ಲದ ಇಲಿಯನ್ನು ಬಹಳ ನಿಷ್ಠೆಯಿಂದ ಹುಡುಕಿದ. ಹೊರಬಂದಾಗ ಜವಾನನ ಮೂಗು ಟೊಮೇಟೊ ಆಗಿತ್ತು, ಎರಡೂ ಕಣ್ಣಿನಿಂದ ನೀರು ಕೋಡಿ ಹರಿಯುತ್ತಿತ್ತು. ಸಾಹೇಬ ಅವನನ್ನು ಹೊಟ್ಟೆಕಿಚ್ಚಿನಿಂದ ನೋಡಿದ. “ಓಡಿಸ್ದೆ ಸಾರ್,” ಎಂದು ಜವಾನ ಸೀನುತ್ತ ವರದಿ ಒಪ್ಪಿಸಿದ. “ನಿಮ್ಮವರು ಬಂದ್ರು. ಕೋಟು ಕೊಡವಿಕೊಳ್ಳಿ.”

ಮಗಳು ಬಂದಳು. ಜೊತೆಗೆ ಲಿಫ್ಟು ರಿಪೇರಿ ಮಾಡುವ ಅವಳ ಹುಡುಗ, ಹೊಸ ಬೂಟು ಕಚ್ಚುತ್ತಿರುವುದನ್ನು ಮುಚ್ಚಿಟ್ಟುಕೊಂಡು ನಡೆಯುತ್ತಿದ್ದ. ಹಿಂದೆ ಅವನ ತಾಯಿತಂದೆ, ಎದುರು ಕೋಣೆಯವಳು, ಎಲ್ಲರಿಗಿಂತ ಕೊನೆಗೆ ಸೂಜಿದಾರ ಕೈಯಲ್ಲೇ ಹಿಡಿದು ಹೆಂಡತಿ. ಸಾಹೇಬ ಮೇಜಿನ ಹಿಂದೆ ಎದ್ದು ನಿಂತ. ಜವಾನ ಬಾಗಿಲ ಬಳಿ ಕಣ್ಣೊರೆಸಿಕೊಳ್ಳುತ್ತಿದ್ದದ್ದನ್ನು ನೋಡಿ ಬೀಗಿತ್ತಿ, “ಪಾಪ, ಎಷ್ಟು ಹಚ್ಚಿಕೊಂಡಿದ್ದಾರೆ ನೋಡಿ ಹುಡುಗೀನ” ಎಂದು ಗಂಡನಿಗೆ ಪಿಸುಗುಟ್ಟಿದಳು. ಅವನು ಓದತೊಡಗಿದ. ಇಷ್ಟು ವರ್ಷ ಓದಿದ ಮಾತುಗಳೇ, ಆದರೆ ಆಗೆಲ್ಲ ಮುಂದಿನ ಪದಕ್ಕೆ ಹೋಗುವ ಮೊದಲು ಮೂಗು ಏರಿಸಬೇಕಿತ್ತು, ಬಾಯಿ ಉಸಿರಾಟಕ್ಕೂ ಬೇಕಿತ್ತು ಓದುವುದಕ್ಕೂ ಬೇಕಿತ್ತು, ಎದುರಿಗಿದ್ದವರೆಲ್ಲ ನೀರಿನಲ್ಲಿ ತೇಲುವ ಬಣ್ಣಗಳು. ಒಬ್ಬ ಮದುಮಗಳ ಮುಖವನ್ನೂ ತಾನು ಸರಿಯಾಗಿ ನೋಡಿಲ್ಲ ಎಂದು ಅವನಿಗೆ ಈಗ ಹೊಳೆಯಿತು. ಈ ಮುಖ ಕಾಣುತ್ತಿತ್ತು. ಹುಬ್ಬಿನ ಕೊನೆಯಲ್ಲಿ ಒಂದು ಕೂದಲು ಎದುರು ದಿಕ್ಕಿಗೆ ತಿರುಗಿತ್ತು. ಕೆಳತುಟಿಯನ್ನು ಒಳಗಿನಿಂದ ಕಚ್ಚಿಕೊಂಡಿದ್ದಳು. ಅಂದರೆ ಅವಳಿಗೆ ಹೆದರಿಕೆಯಾಗಿದೆ, ಆದರೂ ಖುಷಿಯಾಗಿದ್ದಾಳೆ. ‘ಒಬ್ಬರ ಕಷ್ಟಸುಖಕ್ಕೆ ಇನ್ನೊಬ್ಬರು’ ಎಂಬಲ್ಲಿ ಅವಳು ಹುಡುಗನ ಕಡೆ ನೋಡಿದಳು, ‘ಒಪ್ಪಿಗೆಯೇ’ ಎಂಬಲ್ಲಿ ಅಪ್ಪನ ಕಡೆ ನೋಡಿದಳು. “ಒಪ್ಪಿಗೆ” ಎಂದಳು. ಎಷ್ಟು ಚೆನ್ನಾಗಿ ಹೇಳಿದಳು ಎಂದು ಅವನಿಗೆ ಹೆಮ್ಮೆಯಾಯಿತು. ಕಣ್ಣು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಹುಡುಗ ಸಹಿ ಹಾಕಿದ, ಅವಳು ಹಾಕಿದಳು, ಸಾಕ್ಷಿಗಳು ಹಾಕಿದರು, ಅವನು ಹಾಕಿ ಮೊಹರು ಒತ್ತಿದ. ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಅವನು ಮೇಜಿನ ಮೇಲೆ ಬಾಗಿ, ಅವಳಿಗೆ ಮಾತ್ರ ಕೇಳುವ ಹಾಗೆ, “ಬರ್ತಾ ಇಲ್ಲ ಕಣೇ ಮಗಳೇ” ಅಂದ. “ಬೆಳಿಗ್ಗೆಯಿಂದ ಏನೇನೋ ಮಾಡ್ದೆ. ಬರ್ತಾನೇ ಇಲ್ಲ.”

“ಏನಪ್ಪ ಬರ್ತಾ ಇಲ್ಲ?”

“ಅಳು.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ತೋಳಿನ ಮೇಲಿನ ಧೂಳು ನೋಡಿದಳು, ಬಾಗಿಲಲ್ಲಿ ಸೀನುತ್ತಿದ್ದ ಜವಾನನನ್ನು ನೋಡಿದಳು. ಎಲ್ಲ ಅರ್ಥವಾದಂತೆ ಬಾಯಿಗೆ ಕೈ ಅಡ್ಡ ಹಿಡಿದಳು.

“ಅಪ್ಪಾ! ಮತ್ತೆ ಮೂಗು ಹಾಳು ಮಾಡ್ಕೊಳ್ಳೋಕೆ ಹೋಗಿದ್ಯಾ? ಅಷ್ಟು ತಿಂಗಳು ಬಚ್ಚಲ ಬಾಗಿಲಲ್ಲಿ ನಿಂತು ತೊಳೆಸಿದ್ದು ಯಾಕೆ ಅಂದ್ಕೊಂಡಿದ್ದೀಯ?”

“ನೀನೇ ಹೇಳಿದ್ಯಲ್ಲ, ಎಲ್ಲರಿಗಿಂತ ಜಾಸ್ತಿ ಅಳಬೇಕು ಅಂತ...”

“ಆಗ ನಂಗೇನು ಗೊತ್ತಿತ್ತು?” ಎಂದಳು ಅವಳು. ನಗುತ್ತಿದ್ದಳು, ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. “ಊರವರ ಮದುವೇಲೆಲ್ಲ ನಿನ್ನ ಮೂಗು ಅಳ್ತಾ ಕೂತಿತ್ತು. ನನ್ನ ಮದುವೆಗೆ ನೀನು ಬೇಕಿತ್ತಪ್ಪ.”

ಅವನಿಗೆ ನಗು ಬಂತು. ಮೊದಲು ಎದೆಯಲ್ಲಿ ಕುಲುಕಿ, ತೆರೆದ ಮೂಗಿನಲ್ಲೂ ಬಾಯಲ್ಲೂ ಒಟ್ಟಿಗೆ ಹೊರಬಿದ್ದು, ಕೋಣೆ ತುಂಬಿತು. ತನ್ನ ನಗು ಇಷ್ಟು ದೊಡ್ಡದು ಎಂದು ಅವನಿಗೇ ಗೊತ್ತಿರಲಿಲ್ಲ. ಹೆಂಡತಿ ಸೂಜಿ ಹಿಡಿದ ಕೈ ಹಾಗೇ ನಿಲ್ಲಿಸಿ ನೋಡಿದಳು, ಎದುರು ಕೋಣೆಯವಳು ಮೂಗಿನ ಮೇಲೆ ಬೆರಳಿಟ್ಟಳು, ಹೊರಗೆ ಕಾದಿದ್ದ ಜೋಡಿ ಇಣುಕಿ, “ಇವರೇನಾ ಅಳೋ ಸಾಹೇಬ್ರು?” ಎಂದು ಜವಾನನನ್ನು ಕೇಳಿತು. ಜವಾನ ಕಣ್ಣೊರೆಸಿಕೊಂಡು ಒಳಬಂದ.

“ಸಾರ್, ಮುಂದಿನವರನ್ನ ಕರೀಲಾ?”

ಅವನು ಕುರ್ಚಿಯನ್ನು ಹಿಂದೆ ತಳ್ಳಿ, ಇಷ್ಟು ವರ್ಷದಲ್ಲಿ ಯಾವ ಮದುವೆಗೂ ದಾಟದಿದ್ದ ಮೇಜನ್ನು ಸುತ್ತಿ ಬಂದು, ಮಗಳ ಪಕ್ಕದಲ್ಲಿ ನಿಂತ.

“ಎದುರು ಕೋಣೆಗೆ ಕಳಿಸಯ್ಯ,” ಎಂದ. “ನಾನೀಗ ಹೆಣ್ಣಿನ ಕಡೆಯವನು.”